ಪಿರಾನಾ ಹೊಟ್ಟೆ ಕೆಂಪು ಹೋಗಿ ಬೂದಿ ಬಣ್ಣ ಆಗಿದೆ, ಎಂತ ಮಾಡೋದು?

ಕೋಡಿಬಾಗ ಹುಡುಗ:
ಎಲ್ರಿಗೂ ನಮಸ್ಕಾರ. ನನ್ನ ಹತ್ರ ನಾಲ್ಕು ಪಿರಾನಾ ಮೀನು ಇದ್ದಾವೆ, ಹೋದ ದೀಪಾವಳಿ ಟೈಮಲ್ಲಿ ತಂದದ್ದು, ಆಗ ಒಂದೊಂದು ಹಳೇ ಎರಡು ರೂಪಾಯಿ ನಾಣ್ಯದಷ್ಟಿತ್ತು. ಹೊಟ್ಟೆ ಕೆಂಪು ಅಂದ್ರೆ ಎಂತಾ ಕೆಂಪು ಮಾರಾಯ್ರೆ, ಕುಂಕುಮದ ಕೈಯಲ್ಲಿ ಒರೆಸಿದ ಹಾಗೆ, ಮೈ ಮೇಲೆ ಕಪ್ಪು ಚುಕ್ಕೆ ಬೇರೆ. ಈಗ ಅಂಗೈಗಿಂತ ದೊಡ್ಡ ಆಗಿದ್ದಾವೆ, ತಿನ್ನೋದ್ರಲ್ಲಿ ಕಮ್ಮಿ ಇಲ್ಲ, ಆದ್ರೆ ಬಣ್ಣ ಪೂರ್ತಿ ಹೋಗಿದೆ, ಸೀಮೆಎಣ್ಣೆ ಡಬ್ಬದ ಬಣ್ಣ ಬಂದಿದೆ ಅಂತ ನಮ್ಮ ಆಯಿ ನಗ್ತಾಳೆ. ಚುಕ್ಕೆನೂ ಇಲ್ಲ. ಟ್ಯಾಂಕ್ ಮೂರಡಿದು, ಸುಮಾರು 150 ಲೀಟರ್, ಕೆಳಗೆ ಬಿಳಿ ಕಲ್ಲು, ಹಿಂದೆ ನೀಲಿ ಪೋಸ್ಟರ್, ಮೇಲೆ ಬಿಳಿ ಎಲ್‌ಇಡಿ, ನಾನು ಕೆಲಸದಿಂದ ಬಂದು ನೋಡ್ಬೇಕಲ್ಲ ಅದಕ್ಕೆ ರಾತ್ರಿ ಹನ್ನೊಂದರ ತನಕ ಲೈಟು. ದಿನಾ ಕೋಳಿ ಹಾಕ್ತೇನೆ. ನೀರು ಬಾವಿದು. ಅಂಗಡಿಯವ ಎಂತದೋ ಕಲರ್ ಡ್ರಾಪ್ಸ್ ಕೊಟ್ಟ, ಹಾಕಿದೆ, ನೀರಿಗೆ ಬಣ್ಣ ಬಂತು ಮೀನಿಗೆ ಬರ್ಲಿಲ್ಲ. ರೋಗ ಇರಬಹುದಾ?

ಬೈತಖೋಲ್ ಬಂಗಡೆ:
ದಿನಾ ಕೋಳಿ!! ಕಾರವಾರದಲ್ಲಿ ಕೂತ್ಕೊಂಡು ಮೀನಿಗೆ ಕೋಳಿ ತಿನ್ಸೋದಾ, ಬಂದರಿಗೆ ಮುಖ ತೋರಿಸ್ಬೇಡ.

ತಮಾಷೆ ಬಿಡು, ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಮೀನು ತನ್ನ ಮೈಯ ಕೆಂಪು ಬಣ್ಣ ತಾನೇ ತಯಾರು ಮಾಡ್ಕೊಳ್ಳೋದಿಲ್ಲ, ತಿಂದದ್ರಿಂದ್ಲೇ ಬರ್ಬೇಕು. ಕೆರೊಟಿನಾಯ್ಡ್ ಅಂತಾರೆ ಅದಕ್ಕೆ, ಗಜ್ಜರಿ ಕೇಸರಿ ಇರೋದು ಅದ್ರಿಂದ್ಲೇ. ಮೀನಿಗೆ ಬೇಕಾದ ಮುಖ್ಯ ಒಂದು ಜಾತಿ ಆಸ್ಟಾಕ್ಸಾಂಥಿನ್, ಅದು ಶೆಟ್ಲಿಯಲ್ಲಿ, ಅಂದ್ರೆ ಸಿಗಡಿಯಲ್ಲಿ, ಇರ್ತದೆ, ಅದೂ ತಲೆ ಮತ್ತೆ ಸಿಪ್ಪೆಯಲ್ಲಿ ಜಾಸ್ತಿ. ಹಸಿ ಶೆಟ್ಲಿ ನೋಡು, ಬೂದಿ ಬಣ್ಣ, ಕೆಂಪು ಎಲ್ಲೂ ಕಾಣೋದಿಲ್ಲ. ಅದೇ ಸಾರಿಗೆ ಹಾಕಿದ ಎರಡು ನಿಮಿಷಕ್ಕೆ ಕೆಂಪಾಗ್ತದಲ್ಲ, ಅದು ಮೆಣಸಿನ ಬಣ್ಣ ಅಲ್ಲ, ಒಳಗೇ ಇತ್ತು, ಒಂದು ಪ್ರೋಟೀನ್ ಅದನ್ನ ಹಿಡ್ಕೊಂಡಿರ್ತದೆ, ಬಿಸಿಗೆ ಆ ಹಿಡಿತ ಬಿಡ್ತದೆ. ಮೀನಿನ ಹೊಟ್ಟೆಯಲ್ಲಿ ಅರಗುವಾಗ್ಲೂ ಅದು ಬಿಡ್ತದೆ. ಕೋಳಿ ಮಾಂಸದಲ್ಲಿ ಇದು ಇಲ್ಲ ಅಂತ್ಲೇ ಹೇಳ್ಬೇಕು. ಎಂಟೊಂಬತ್ತು ತಿಂಗಳು ಬಣ್ಣ ಹಾಕದೇ ಬಣ್ಣ ಎಲ್ಲಿಂದ ಬರ್ತದೆ.

ಮನೆಯಲ್ಲಿ ಸುಂಗಟಾ, ಅದೇ ಶೆಟ್ಲಿ, ತರುವಾಗ ಆಯಿ ಸಿಪ್ಪೆ ತೆಗೆದು ಎಸೀತಾಳಲ್ಲ, ಅದನ್ನ ತೊಳೆದು ಸಣ್ಣ ಮಾಡಿ ಹಾಕು. ದುಡ್ಡೂ ಇಲ್ಲ.

ಕೋಡಿಬಾಗ ಹುಡುಗ:
ಸಿಪ್ಪೆ ಗಂಟಲಲ್ಲಿ ಸಿಕ್ಕೊಳ್ಳೋದಿಲ್ವಾ?

ಬೈತಖೋಲ್ ಬಂಗಡೆ:
ಪಿರಾನಾಕ್ಕೆ? ಮಾರಾಯ.

ಉಣಕಲ್ ಕೆರಿ:
ನಾ ಹುಬ್ಬಳ್ಳಿಯಾಗ ಖರೇ ಪಿರಾನಾ ಆರು ವರ್ಷ ಸಾಕೀನಿ, ಅದಕ್ಕ ಹೇಳ್ತೀನಿ. ಬಂಗಡೆ ಅವ್ರು ಹೇಳಿದ್ದು ಸರಿ ಐತಿ ಆದ್ರ ತಿಂಡಿ ಒಂದ ಅಲ್ರಿ. ಆ ಬಿಳೀ ಕಲ್ಲು ಮೊದ್ಲ ತಗೀರಿ. ಮೀನಿನ ಚರ್ಮದಾಗ ಕಪ್ಪು ಬಣ್ಣದ ಕಣ ಇರ್ತಾವ, ಮೆಲನೊಫೋರ್ ಅಂತ, ನೆಲ ಬಿಳಿ ಇತ್ತು ಅಂದ್ರ ಆ ಕಣದೊಳಗಿನ ಕಪ್ಪು ಎಲ್ಲಾ ನಡುವ ಬಂದು ಚುಕ್ಕಿ ಆಗಿ ಕುಂದರ್ತೈತಿ, ಮೀನು ಪೇಲವ ಕಾಣ್ತೈತಿ. ನೆಲ ಕಪ್ಪು ಇದ್ರ ಹರಡ್ಕೋತೈತಿ, ಮೈ ಗಾಢ ಆಗ್ತೈತಿ, ಕೆಂಪು ಎದ್ದು ಕಾಣ್ತೈತಿ. ಬ್ಯಾಟಿ ಆಡೋ ಹಕ್ಕಿ ಕಣ್ಣಿಗೆ ಬೀಳಬಾರ್ದು ಅಂತ ನೆಲಕ್ಕ ಹೊಂದ್ಕೊಳ್ಳೋದು, ಅಷ್ಟ. ಇದು ನಿಮಿಷದಾಗೂ ಆಗ್ತೈತಿ, ಆದ್ರ ತಿಂಗಳಗಟ್ಟಲೆ ಬಿಳೀ ನೆಲದ ಮ್ಯಾಲ ಇಟ್ರ ಆ ಕಣಗಳ ಸಂಖ್ಯಾನ ಕಮ್ಮಿ ಆಗ್ತೈತಿ, ಆಮ್ಯಾಲ ಕಲ್ಲು ಬದ್ಲಿ ಮಾಡಿದ ಕೂಡ್ಲೆ ಬಣ್ಣ ಬರಂಗಿಲ್ಲ, ವಾರಗಟ್ಟಲೆ ಬೇಕು.

ಎರಡನೇದು ಲೈಟು. ಪಿರಾನಾ ಅಂದ್ರ ಸಿನಿಮಾ ನೋಡಿ ಮಂದಿ ಹುಲಿ ಅಂತ ತಿಳ್ಕೊಂಡಾರ, ಖರೇ ಅಂದ್ರ ಭಾಳ ಪುಕ್ಕಲು ಮೀನು. ಗುಂಪಿನಾಗ ಇರೋದು ಬ್ಯಾಟಿಗೆ ಅಲ್ಲ, ಮೊಸಳಿ, ಹಕ್ಕಿಗೆ ಅಂಜಿ. ನಮ್ಮ ಮನ್ಯಾಗ ಬಾಗಿಲು ಜೋರ ಹಾಕಿದ್ರ ಐದೂ ಒಂದು ಮೂಲಿಗೆ ಸೇರಿ ಬೆಳ್ಳಗ ಆಗ್ತಿದ್ವು, ಒಂದ್ಸಲ ಒಂದು ಅಡ್ಡ ಬಿದ್ದು ಸತ್ತಂಗ ಮಾಡ್ತು, ನಮ್ಮಾಕಿ ಅತ್ತೇ ಬಿಟ್ಲು. ಅವು ಇರೋ ಕಡೆ ನೀರು ಕನ್ನಡಿ ಹಂಗ ಇರಂಗಿಲ್ಲ, ಮಣ್ಣು ಕಲಸಿದ ರಾಡಿ ನೀರು. ನೀವು ಹನ್ನೊಂದರ ತನಕ ಟ್ಯೂಬ್‌ಲೈಟ್ ಹಾಕಿ ಮದುವಿ ಮಂಟಪ ಮಾಡೀರಿ. ಲೈಟ್ ಆರೇಳು ತಾಸು ಸಾಕು, ಅದೂ ಮಂದ.

ಕೋಡಿಬಾಗ ಹುಡುಗ:
ಹೌದು ಸರ್, ಬೆಳಿಗ್ಗೆ ಲೈಟ್ ಹಾಕಿದ ಕೂಡ್ಲೆ ಇನ್ನೂ ಬೆಳ್ಳಗೆ ಇರ್ತವೆ, ಆಮೇಲೆ ಸ್ವಲ್ಪ ಸರಿ ಆಗ್ತದೆ.

ಉಣಕಲ್ ಕೆರಿ:
ಅದು ನಿದ್ದಿ ಬಣ್ಣ. ಕತ್ತಲ್ಯಾಗ ಪೇಲವ ಆಗೋದು ಸಹಜ, ಅರ್ಧ ತಾಸು ಬಿಡ್ರಿ. ಲೈಟ್ ಹಾಕಿದ ಕೂಡ್ಲೆ ಫೋಟೋ ತಗದು ಬಣ್ಣ ಹೋತು ಅನ್ನೋರು ಭಾಳ ಮಂದಿ ಅದಾರ.

ತೋಟದ ಮನೆ ಶಿರಸಿ:
ಯಂಗೂ ಇದೇ ಕತೆ ಆಗಿತ್ತು. ಎಲ್ರಿಗೂ ಅರ್ಥ ಆಗ್ಲಿ ಹೇಳಿ ಪೇಟೆ ಕನ್ನಡದಲ್ಲೇ ಬರೀತಿ.

ನಮ್ಮ ಮನೇಲಿ ಮೀನು ತಿನ್ನೋದಿಲ್ಲ, ಮೀನು ಮಾರ್ಕೆಟ್ ಕಡೆ ಹೋದ್ರೂ ಅಮ್ಮಂಗೆ ಗೊತ್ತಾಗ್ಬಾರ್ದು, ಆದ್ರೆ ನಂಗೆ ಟ್ಯಾಂಕಿನ ಹುಚ್ಚು. ಮಾರಿಕಾಂಬಾ ಜಾತ್ರೆ ವರ್ಷ ತಂದಿದ್ದು ಎರಡು ಮರಿ. ಮೊದಲು ಬರೀ ಕಾಳು ಫೀಡ್ ಹಾಕ್ತಿದ್ದೆ, ದೊಡ್ಡ ಡಬ್ಬ, ಅಗ್ಗ ಅಂತ ತಂದದ್ದು ವರ್ಷ ಬಂತು. ಆಮೇಲೆ ತಿಳೀತು ಈ ಬಣ್ಣದ ಅಂಶ ಗಾಳಿ ಬೆಳಕು ಬಿಸಿಗೆ ಹಾಳಾಗ್ತು, ಅದ್ರಲ್ಲೂ ನಮ್ಮ ಮಳೆಗಾಲದ ಥಂಡಿಗೆ ಡಬ್ಬ ತೆಗೆದಿಟ್ರೆ ಹಪ್ಪಳನೇ ಉಳಿಯೋದಿಲ್ಲ, ಫೀಡ್ ಉಳೀತದಾ? ಡಬ್ಬ ಮೇಲೆ ಕೆಂಪು ಮೀನಿನ ಚಿತ್ರ ಇತ್ತು ಅಷ್ಟೇ. ಈಗ ಸಣ್ಣ ಪ್ಯಾಕೆಟ್ ತಂದು ಫ್ರಿಜ್ಜಲ್ಲಿ ಇಡ್ತಿ, ಮಾವಿನಮಿಡಿ ಬಾಟ್ಲಿ ಹಿಂದೆ ಒಂದು ಸ್ಟೀಲ್ ಡಬ್ಬೀಲಿ ಶೆಟ್ಲಿನೂ ಇದ್ದು, ಅಮ್ಮ ಅದನ್ನ ಇವತ್ತಿಗೂ ತೆಗೆದು ನೋಡಿಲ್ಲೆ. ದೇವರು ದೊಡ್ಡವ.

ಕಾಡು ಬಾದಾಮಿ ಎಲೆ ಒಣಗಿದ್ದು ಹಾಕಿ ನೋಡಿ. ಸಮುದ್ರದ ಬದಿ ನಿಮಗೆ ಅದಕ್ಕೇನು ಬರ. ನೀರು ಚಾ ಬಣ್ಣ ಆಗ್ತದೆ, ಬೆಳಕು ಕಮ್ಮಿ ಆಗ್ತದೆ, ಪಿಎಚ್ ಸ್ವಲ್ಪ ಇಳೀತದೆ ಅಂದ್ರೆ ನೀರು ಸ್ವಲ್ಪ ಆಮ್ಲೀಯ ಆಗ್ತದೆ, ಮೀನು ಹೆದರೋದು ಬಿಡ್ತು.

ಅಘನಾಶಿನಿ ಬಳಚು:
ಬಾವಿ ನೀರು ಅಂದ್ರಿ. ಕೋಡಿಬಾಗ ಅಂದ್ರೆ ಕಾಳಿ ನದಿ ಸಮುದ್ರ ಸೇರೋ ಹತ್ರ ಅಲ್ದಾ? ಬೇಸಿಗೆಯಲ್ಲಿ ನಿಮ್ಮ ಬಾವಿಗೆ ಉಪ್ಪು ಏರ್ತದಾ ನೋಡಿ, ನಾವು ಕುಮಟಾ ಕಡೆಯವರು, ಮೇ ತಿಂಗಳಲ್ಲಿ ಚಾ ಕುಡಿದ್ರೆ ಗೊತ್ತಾಗ್ತದೆ. ಪಿರಾನಾ ಸಿಹಿ ನೀರಿನ ಮೀನು. ಮತ್ತೆ ದಿನಾ ಕೋಳಿ ಅಂದ್ರೆ ನೀರಲ್ಲಿ ಅಮೋನಿಯಾ ಎಷ್ಟಿದೆಯೋ, ಮಿಕ್ಕ ತಿಂಡಿ, ಮೀನಿನ ಹೊಲಸಿಂದ ಆಗೋ ವಿಷ ಅದು. 150 ಲೀಟರಲ್ಲಿ ಅಂಗೈಗಿಂತ ದೊಡ್ಡ ಮೀನು ನಾಲ್ಕು, ಫಿಲ್ಟರ್ ಯಾವ್ದು, ಕರೆಂಟ್ ಹೋದ್ರೆ ಏನ್ಮಾಡ್ತೀರಿ? ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ ಅಂದ್ರೆ ಫಿಲ್ಟರಲ್ಲಿ ಆ ವಿಷ ತಿನ್ನೋ ಒಳ್ಳೇ ಬ್ಯಾಕ್ಟೀರಿಯಾ ಎಲ್ಲ ಸಾಯ್ತದೆ, ಮತ್ತೆ ಕರೆಂಟ್ ಬಂದಾಗ ಆ ಕೊಳೆತ ನೀರೇ ಟ್ಯಾಂಕಿಗೆ. ನಂಗೆ ಹಾಗೇ ಆಗಿ ಆಸ್ಕರ್ ಮೀನು ಎರಡು ಹೋದ್ವು. ಟೆಸ್ಟ್ ಕಿಟ್ ತರ್ಸಿ ಮೊದ್ಲು, ಅಮೋನಿಯಾ, ಅದ್ರಿಂದ ಆಗೋ ನೈಟ್ರೈಟ್ ಎರಡೂ ಸೊನ್ನೆ ಇರ್ಬೇಕು.

ಕೋಡಿಬಾಗ ಹುಡುಗ:
ಕಿಟ್ ಆರ್ಡರ್ ಹಾಕಿದೆ. ಬಾವಿ ನೀರು ಮೇ ತಿಂಗಳಲ್ಲಿ ಸ್ವಲ್ಪ ಸಪ್ಪೆ ಉಪ್ಪು ಇರ್ತದೆ, ಹೌದು. ಈಗ ಮಳೆಗಾಲ, ಸರಿ ಇದೆ. ಆದ್ರೆ ಈಗ ತಾಜಾ ಶೆಟ್ಲಿ ಎಲ್ಲಿಂದ ತರ್ಲಿ, ಜೂನ್ 1ರಿಂದ ಜುಲೈ 31 ಬೋಟ್ ಬಂದ್ ಅಲ್ವಾ. ತಾರ್ಲೆ (ಬೂತಾಯಿ) ಸಿಗ್ತದೆ ಫ್ರೀಜರಿಂದು, ಅದೇ ಹಾಕ್ಲಾ ದಿನಾ?

ಬೈತಖೋಲ್ ಬಂಗಡೆ:
ದಿನಾ ತಾರ್ಲೆ ಬೇಡ. ತಾರ್ಲೆ ಕುಟುಂಬದ ಹಲವು ಮೀನಲ್ಲಿ ಥಯಾಮಿನೇಸ್ ಅಂತ ಒಂದು ಇರ್ತದೆ, ಅದು ವಿಟಮಿನ್ ಬಿ1 ಒಡೆದು ಹಾಕ್ತದೆ, ಫ್ರೀಜರಲ್ಲಿ ಇಟ್ರೂ ಹೋಗೋದಿಲ್ಲ, ಬೇಯಿಸಿದ್ರೆ ಹೋಗ್ತದೆ. ಯಾವಾಗಾದ್ರೂ ಒಮ್ಮೆ ಆದೀತು. ನದಿಯ ಸಣ್ಣ ಶೆಟ್ಲಿ ಮಳೆಗಾಲದಲ್ಲೂ ಸಿಗ್ತದಲ್ಲ, ಸದಾಶಿವಗಡ ಕಡೆ ಬಲೆ ಹಾಕೋರನ್ನ ಕೇಳು. ಒಣ ಶೆಟ್ಲಿ ಬೇಡ, ಉಪ್ಪು.

ಅಂಕೋಲಾ ಇಶಾಡ:
ಕಾಲೇಜಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡ್ತೇನೆ, ಮೊದ್ಲಿಂದ ಓದ್ತಾ ಇದ್ದೆ, ಎಲ್ರೂ ಹೇಳಿದ್ದು ಚೆನ್ನಾಗಿದೆ, ಆದ್ರೆ ಒಂದು ಮಾತು ನಂಗೆ ಮೊದಲ ಪೋಸ್ಟಿಂದ್ಲೂ ಚುಚ್ತಾ ಇದೆ. ಒಂದು ವರ್ಷದೊಳಗೆ ನಾಣ್ಯದಿಂದ ಅಂಗೈ ಮೀರಿದ ಮೀನು, ಕೋಳಿ ಹಾಕಿದ್ರೂ ತಿಂತದೆ ಎಂತ ಹಾಕಿದ್ರೂ ತಿಂತದೆ, ಮೂರಡಿ ಟ್ಯಾಂಕಲ್ಲಿ ನಾಲ್ಕು ಮೀನು ಇಷ್ಟು ದಿನ ಒಂದರ ರೆಕ್ಕೆ ಒಂದು ಕಚ್ಚದೇ ಇದ್ದಾವೆ. ತಮ್ಮಾ, ಬಾಯಿ ಹತ್ತಿರದಿಂದ ಒಂದು ಫೋಟೋ ಹಾಕು. ಹಲ್ಲು ಕಾಣ್ಬೇಕು.

ಉಣಕಲ್ ಕೆರಿ:
ಅಯ್ಯೋ ಮೇಡಂ, ನಂಗ ಯಾಕ ಹೊಳೀಲಿಲ್ಲ ಇದು.

ಕೋಡಿಬಾಗ ಹುಡುಗ:
ಫೋಟೋ ಹಾಕಿದೆ. ಕೈ ಹಾಕೋಕೆ ಹೆದರಿಕೆ ಆಯ್ತು, ಬಲೆಯಲ್ಲಿ ಹಿಡಿದು ಅಣ್ಣ ತೆಗೆದದ್ದು.

ಅಂಕೋಲಾ ಇಶಾಡ:
ಇದು ಪಿರಾನಾ ಅಲ್ಲ. ಪಾಕು. ನಮ್ಮ ಮೀನು ಪೇಟೆಯಲ್ಲಿ ರೂಪ್‌ಚಂದ್ ಅಂತ ಕಿಲೋ ಲೆಕ್ಕದಲ್ಲಿ ಮಾರ್ತಾರಲ್ಲ, ಅದೇ.

ಹಲ್ಲು ನೋಡು, ಚೌಕ ಚೌಕ, ನಮ್ಮ ಬಾಚಿ ಹಲ್ಲಿನ ಹಾಗೆ, ಮೇಲೆ ಎರಡು ಸಾಲು. ಪಿರಾನಾಕ್ಕೆ ತ್ರಿಕೋನದ ಚೂಪು ಹಲ್ಲು ಒಂದೇ ಸಾಲು, ಗರಗಸದ ಹಾಗೆ ಮೇಲಿಂದು ಕೆಳಗಿಂದು ಕೂತ್ಕೊಳ್ತದೆ, ಕೆಳ ದವಡೆ ಮುಂದೆ ಚಾಚಿ ಸಿಟ್ಟುಗೊಂಡ ಅಜ್ಜನ ಮುಖ ಇರ್ತದೆ. ಕೆಂಪು ಹೊಟ್ಟೆ ಪಿರಾನಾದ ಹೆಸರು ಪೈಗೊಸೆಂಟ್ರಸ್ ನಾಟೆರೆರಿ, 1858ರಲ್ಲಿ ಹೆಸರಿಟ್ಟದ್ದು, ಬ್ರೆಜಿಲ್‌ನಲ್ಲಿ ವರ್ಷಗಟ್ಟಲೆ ಪ್ರಾಣಿ ಸಂಗ್ರಹ ಮಾಡಿದ ನಾಟೆರರ್ ಅನ್ನೋ ಆಸ್ಟ್ರಿಯಾದವನ ನೆನಪಿಗೆ. ನಿನ್ನ ಮೀನು ಪಿಯಾರಾಕ್ಟಸ್ ಬ್ರಾಕಿಪೋಮಸ್. ಎರಡೂ ದಕ್ಷಿಣ ಅಮೆರಿಕದವು, ದಾಯಾದಿಗಳು. ಪಾಕು ಮರಿ ಮಾತ್ರ ಪಿರಾನಾ ಹಾಗೇ ಕಾಣ್ತದೆ, ಅದೇ ಕೆಂಪು ಹೊಟ್ಟೆ, ಅದೇ ಚುಕ್ಕೆ. ಕಚ್ಚೋ ಮೀನಿನ ವೇಷ ಹಾಕ್ಕೊಂಡ್ರೆ ಬೇರೆಯವರು ಹತ್ರ ಬರೋದಿಲ್ಲ ಅಂತ ಒಂದು ವಾದ ಇದೆ. ಯಕ್ಷಗಾನದಲ್ಲಿ ರಾಕ್ಷಸ ವೇಷ ಹಾಕಿದವ ಚೌಕಿಗೆ ಹೋಗಿ ಬಣ್ಣ ತೊಳೆದ ಹಾಗೆ, ದೊಡ್ಡದಾದ ಮೇಲೆ ವೇಷ ಬೇಕಾಗೋದಿಲ್ಲ, ಬೂದಿ ಬಣ್ಣಕ್ಕೆ ತಿರುಗ್ತದೆ. ಚುಕ್ಕೆ ಹೋದದ್ದು ರೋಗ ಅಲ್ಲ. ಪಿರಾನಾ ಮರಿಯದ್ದೂ ಚುಕ್ಕೆ ಹೋಗ್ತದೆ, ಆದ್ರೆ ಬೆಳೆದ ಪಿರಾನಾಕ್ಕೆ ಗಂಟಲು ಹೊಟ್ಟೆ ಕೆಂಪು ಉಳಿದು ಮೈಗೆ ಚಿನ್ನದ ಪುಡಿ ಎರಚಿದ ಹಾಗೆ ಹೊಳಪು ಬರ್ತದೆ.

ಕೋಡಿಬಾಗ ಹುಡುಗ:
ಎಂತ ಹೇಳ್ತಾ ಇದ್ದೀರಿ ಮೇಡಂ. ನಾನು ಒಂದೊಂದಕ್ಕೆ ನಾನೂರು ಕೊಟ್ಟಿದ್ದೇನೆ.

ಬೈತಖೋಲ್ ಬಂಗಡೆ:
ನಾನೂರಕ್ಕೆ ಎರಡು ಕಿಲೋ ಬರ್ತಿತ್ತೋ ಏನೋ 😂😂

ತೋಟದ ಮನೆ ಶಿರಸಿ:
ಒಂದು ನಿಮಿಷ ತಡೀರಿ, ನಾನೂ ಟಾರ್ಚ್ ತಗಂಡು ಹೋಗಿ ನೋಡ್ತಿ.

ತೋಟದ ಮನೆ ಶಿರಸಿ:
ಚೌಕ.

ತೋಟದ ಮನೆ ಶಿರಸಿ:
ಅಂದ್ರೆ ನಾ ಎರಡು ವರ್ಷದಿಂದ ಅಮ್ಮಂಗೆ ಕದ್ದು ಶೆಟ್ಲಿ ತಂದಿದ್ದು ಎಂತಕ್ಕೆ 😭 ಇದು ಬಾಳೆಹಣ್ಣು ತಿಂತಿತ್ತನಾ?

ಅಂಕೋಲಾ ಇಶಾಡ:
ತಿಂತದೆ! ಅಮೆಜಾನಲ್ಲಿ ಮಳೆಗಾಲದಲ್ಲಿ ಕಾಡಿನೊಳಗೇ ನೀರು ನುಗ್ತದೆ, ಆಗ ಮರದಿಂದ ಬಿದ್ದ ಹಣ್ಣು ಬೀಜ ತಿಂದೇ ಪಾಕು ಕೊಬ್ಬೋದು, ಆ ಹಲ್ಲು ಇರೋದೇ ಗಟ್ಟಿ ಬೀಜ ಒಡೆಯೋಕೆ. ಬಾಳೆಹಣ್ಣು, ಬೇಯಿಸಿದ ಬಟಾಣಿ, ಗಜ್ಜರಿ, ಕುಂಬಳ ಎಲ್ಲ ಹಾಕ್ಬಹುದು, ಕೊನೆ ಎರಡರಲ್ಲಿ ಕೆರೊಟಿನಾಯ್ಡ್ ಕೂಡ ಇದೆ. ನಿಮ್ಮ ಅಮ್ಮನೇ ಕೈಯಾರೆ ಹಾಕ್ಬಹುದು ಈಗ. ಶೆಟ್ಲಿ ಹಾಕಿದ್ದು ವ್ಯರ್ಥ ಅಲ್ಲ, ಅದು ಎರಡೂ ತಿನ್ನೋ ಮೀನು.

ಉಣಕಲ್ ಕೆರಿ:
ಖರೇ ಪಿರಾನಾ ಇದ್ದೋರಿಗೆ ಒಂದು ಮಾತು ಸೇರಿಸ್ತೀನಿ, ಮುಂದ ಯಾರರ ಓದಿದ್ರ ಬೇಕಾಗ್ತೈತಿ. ಕೆಂಪು ಹೋಗಿ ಪೂರಾ ಕಪ್ಪಗ ಆಗಿ, ಎರಡು ಮೀನು ಒಂದು ಮೂಲಿ ಹಿಡ್ಕೊಂಡು, ಕಲ್ಲು ಸರಿಸಿ ಕುಣಿ ತೋಡಿ, ಹತ್ರ ಬಂದೋರ್ನ ಅಟ್ಟಾಕತ್ತಿದ್ರ ಅದು ಬಣ್ಣ ಹೋಗಿದ್ದಲ್ಲ, ಮರಿ ಮಾಡೋ ತಯಾರಿ. ನಂಗ ಗೊತ್ತಿರಲಿಲ್ಲ, ರೋಗ ಅಂತ ಔಷಧ ಹಾಕಿ ತತ್ತಿ ಎಲ್ಲಾ ಹಾಳ ಮಾಡಿದೆ. ಇವತ್ತಿಗೂ ಹೊಟ್ಟಿ ಉರೀತೈತಿ.

ಅಘನಾಶಿನಿ ಬಳಚು:
ಈಗ ದೊಡ್ಡ ಪ್ರಶ್ನೆ ಬಣ್ಣದ್ದಲ್ಲ. ಪಿರಾನಾ ಆದ್ರೆ ಒಂದಡಿ ಆಸುಪಾಸಿಗೆ ನಿಲ್ತಿತ್ತು. ಪಾಕು ಎರಡೂವರೆ ಅಡಿ ಮೀರ್ತದೆ, 20 ಕಿಲೋ ದಾಟಿದ್ದೂ ಉಂಟು. ಮೂರಡಿ ಟ್ಯಾಂಕಲ್ಲಿ ತಿರುಗೋದು ಹೇಗೆ? ದಯವಿಟ್ಟು ಕಾಳಿಗೆ ಬಿಡಬೇಡಿ. 2018ರ ಕೇರಳದ ನೆರೆ ಆದ್ಮೇಲೆ ಅಲ್ಲಿನ ಹೊಳೆಗಳಲ್ಲಿ ಅರಪೈಮಾ, ಅಲಿಗೇಟರ್ ಗಾರ್ ಅಂತ ಹೊರದೇಶದ ದೊಡ್ಡ ಮೀನೆಲ್ಲ ಬಲೆಗೆ ಬಿದ್ದಿತ್ತು, ಸಾಕಿದ ಕೆರೆ ಒಡೆದು ತೇಲಿ ಬಂದದ್ದು. ಪಾಕುನೂ ಹೊಳೆಯಲ್ಲಿ ಸಿಗ್ತಿದೆ ಹಲವು ಕಡೆ. ನಮ್ಮ ಹೊಳೆಯಲ್ಲಿ ಇರೋ ಮೀನಿಗೇ ಸಾಕಾಗೋ ಅಷ್ಟು ತಾಪತ್ರಯ ಇದೆ.

ಬೈತಖೋಲ್ ಬಂಗಡೆ:
ಬಿಡೋದ್ಯಾಕೆ, ರವಾ ಫ್ರೈ. ಮುಳ್ಳೂ ಕಮ್ಮಿ.

ಕೋಡಿಬಾಗ ಹುಡುಗ:
ಅಣ್ಣ ಬೇಡ. ಹೆಸರಿಟ್ಟಿದ್ದೇನೆ ನಾಲ್ಕಕ್ಕೂ.

ಬೈತಖೋಲ್ ಬಂಗಡೆ:
ಸರಿ ಸರಿ, ಸಾರಿ. ನಾ ಬೊಂಡಾಸ ಹಿಡಿಯೋರ ಮನೆಯವ, ಮೀನಿಗೆ ಹೆಸರಿಡೋದು ನಮ್ಮಲ್ಲಿ ಇಲ್ಲ.

ಅಂಕೋಲಾ ಇಶಾಡ:
ಅಂಗಡಿಯವ ಬೇಕಂತ ಮೋಸ ಮಾಡಿದ ಅಂತ್ಲೇ ಹೇಳೋಕಾಗೋದಿಲ್ಲ, ಅವನಿಗೂ ಯಾರೋ ಪಿರಾನಾ ಅಂತ್ಲೇ ಕೊಟ್ಟಿರ್ತಾರೆ, ಸಣ್ಣ ಮರಿಯಲ್ಲಿ ನಮಗೇ ಒಮ್ಮೆ ಕಣ್ಣು ತಪ್ತದೆ. ಹಾಗಂತ ಕಲರ್ ಡ್ರಾಪ್ಸ್ ಕೊಟ್ಟದ್ದಕ್ಕೆ ಕ್ಷಮೆ ಇಲ್ಲ 🙂 ಮೀನಿನ ಬಣ್ಣ ಚರ್ಮದ ಒಳಗಿನ ಕಣದಲ್ಲಿ ಇರೋದು, ನೀರಿಗೆ ಬಣ್ಣ ಹಾಕಿದ್ರೆ ಅಲ್ಲಿಗೆ ಮುಟ್ಟೋದಿಲ್ಲ.

ಈಗ ಮಾಡೋದಾದ್ರೆ: ಬಿಳಿ ಕಲ್ಲು ತೆಗೆದು ಹೊಳೆಯ ಕಪ್ಪು ಮರಳು ತೊಳೆದು ಹಾಕು, ಲೈಟ್ ಕಮ್ಮಿ, ವಾರಕ್ಕೆ ಮೂರನೇ ಒಂದು ಪಾಲು ನೀರು ಬದಲು, ಕೋಳಿ ನಿಲ್ಸು. ಮರಿಯಾಗಿದ್ದಾಗಿನ ಕೆಂಪು ತಿರುಗಿ ಬರ್ತದೆ ಅಂತ ಕಾಯಬೇಡ. ಗಂಟಲ ಹತ್ರ, ಕೆಳಗಿನ ರೆಕ್ಕೆಯಲ್ಲಿ ಸ್ವಲ್ಪ ಬಂದ್ರೆ ಬಂತು, ಅದಕ್ಕೂ ಒಂದೂವರೆ ಎರಡು ತಿಂಗಳು ಬೇಕು.

ಕೋಡಿಬಾಗ ಹುಡುಗ:
ಎರಡು ತಿಂಗಳ ಮೇಲೆ ಬರೀತಾ ಇದ್ದೇನೆ, ಯಾರಾದ್ರೂ ಇದ್ದೀರಾ. ಕಿಟ್ ಬಂದಿತ್ತು, ಅಮೋನಿಯಾ ಹಸಿರು ಕಂಡಿತ್ತು (ಹಸಿರು ಅಂದ್ರೆ ಇದೆ, ಹಳದಿ ಅಂದ್ರೆ ಸೊನ್ನೆ), ಬಳಚು ಅವ್ರು ಹೇಳಿದ್ದು ಸರಿ. ಕೋಳಿ ನಿಲ್ಸಿದ ಮೂರನೇ ವಾರಕ್ಕೆ ಹಳದಿಗೆ ಬಂತು. ಬೋಟ್ ಶುರು ಆದ್ಮೇಲೆ ವಾರಕ್ಕೆ ಎರಡು ಸಲ ಶೆಟ್ಲಿ ಸಿಪ್ಪೆ ಸಮೇತ, ಉಳಿದ ದಿನ ಬಟಾಣಿ, ಕುಂಬಳ. ಕಪ್ಪು ಮರಳು ಹಾಕಿದ್ದಕ್ಕೆ ಮೈ ಬಣ್ಣ ಗಾಢ ಆಗಿದೆ, ಆಯಿ ಈಗ ಬೀಡದ ಬಾಣಲೆ ಅಂತಾಳೆ. ಒಂದರ ಗಂಟಲಲ್ಲಿ ಮಾತ್ರ ಕೆಂಪು ಸ್ವಲ್ಪ ಇಣುಕ್ತಾ ಇದೆ, ಫೋಟೋದಲ್ಲಿ ಸರಿ ಕಾಣೋದಿಲ್ಲ. ಮಾವನ ಮನೆ ಹಿಂದೆ ಹಳೇ ಸಿಮೆಂಟ್ ಟಾಕಿ ಇದೆ, ಹತ್ತಡಿ ಉದ್ದ, ದಿಣ್ಣೆ ಮೇಲೆ, ನೆರೆ ನೀರು ಅಲ್ಲಿಗೆ ಏರೋದಿಲ್ಲ. ಬಲೆ ಮುಚ್ಚಿ ನಾಲ್ಕನ್ನೂ ಅಲ್ಲಿಗೆ ಸಾಗಿಸ್ತೇವೆ ಮುಂದಿನ ವಾರ.

ಉಣಕಲ್ ಕೆರಿ:
ಛಲೋ ಆತು. ಸಾಗ್ಸೋ ದಿನ ತಿನ್ನಾಕ ಹಾಕಬ್ಯಾಡ್ರಿ.

ತೋಟದ ಮನೆ ಶಿರಸಿ:
ನಮ್ಮನೇಲಿ ಅಮ್ಮನೇ ಈಗ ದಿನಾ ಬಾಳೆಹಣ್ಣು ಹಾಕದು. ನೈವೇದ್ಯದ್ದು. ಶೆಟ್ಲಿ ಡಬ್ಬಿ ವಿಷಯ ಇನ್ನೂ ಹೇಳಿದ್ನಿಲ್ಲೆ.

ಬೈತಖೋಲ್ ಬಂಗಡೆ:
ಟ್ಯಾಂಕ್ ಮೇಲೆ ಬೋರ್ಡ್ ಇತ್ತಲ್ಲ ಫೋಟೋದಲ್ಲಿ, "ಪಿರಾನಾ ಇದೆ ಕೈ ಹಾಕಬೇಡಿ" ಅಂತ, ಅದನ್ನ ತೆಗೆದ್ಯಾ?

ಕೋಡಿಬಾಗ ಹುಡುಗ:
ಇಲ್ಲ ಅಣ್ಣ. ನಮ್ಮ ಮನೆ ಅಣ್ಣನ ಮಕ್ಕಳು ಕೈ ಹಾಕೋದು ನಿಂತಿದೆ ಅದ್ರಿಂದ, ಟಾಕಿಗೂ ಅದನ್ನೇ ತಗೊಂಡು ಹೋಗ್ತೇನೆ.